“ನೀವು ನಮ್ಮ ದೇಶಕ್ಕೂ ಪ್ರಾರ್ಥನೆ ಮಾಡ್ತೀರಾ?”

ಮಾಡ್ತೀವಿ. ಪ್ರತಿ ಭಾನುವಾರ ಮಾಡ್ತೀವಿ. ನಾವು ಕ್ರೈಸ್ತರು ಅಂತ ಗೊತ್ತಾದವರು ಕೇಳುವ ಪ್ರಶ್ನೆ ಇದು. ಇಷ್ಟು ಸಾಕು ಅನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು, ನನಗೇನೂ ಬೇಜಾರಿಲ್ಲ.

ಇನ್ನೂ ಇದ್ದೀರಾ? ಹಾಗಾದರೆ ಕೇಳಿ. ನಾವು ಸಿಎಸ್‌ಐ ಚರ್ಚಿನವರು, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಅನ್ನುವ ಪ್ರೊಟೆಸ್ಟಂಟ್ ಸಭೆಯವರು. ಆರಾಧನೆಯ ನಡುವೆ ವಿಜ್ಞಾಪನೆ ಪ್ರಾರ್ಥನೆ ಅಂತ ಒಂದು ಭಾಗ ಬರುತ್ತದೆ. ರಾಷ್ಟ್ರಪತಿ, ಪ್ರಧಾನ ಮಂತ್ರಿ, ರಾಜ್ಯಪಾಲರು, ಮುಖ್ಯಮಂತ್ರಿ, ಗಡಿಯಲ್ಲಿರುವ ಸೈನಿಕರು, ರೈತರು, ಮಳೆ, ಬೆಳೆ, ಆಸ್ಪತ್ರೆಯಲ್ಲಿರುವವರು, ಪರೀಕ್ಷೆ ಬರೆಯುವ ಮಕ್ಕಳು. ಸರ್ಕಾರ ಬದಲಾದರೂ ಪಟ್ಟಿ ಬದಲಾಗುವುದಿಲ್ಲ. ಯಾವ ಪಕ್ಷ ಅಂತ ನಾವು ನೋಡುವುದಿಲ್ಲ. ಅರಸರಿಗಾಗಿ, ಅಧಿಕಾರದಲ್ಲಿರುವ ಎಲ್ಲರಿಗಾಗಿ ಪ್ರಾರ್ಥಿಸಿ ಅಂತ ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಪತ್ರದಲ್ಲೇ ಇದೆ. ಅದನ್ನು ಬರೆದ ಕಾಲದ ರೋಮಿನ ಅರಸರು ಕ್ರೈಸ್ತರ ನೆಂಟರೇನೂ ಆಗಿರಲಿಲ್ಲ. ಈ ಪ್ರಾರ್ಥನೆ ಸಾಕಷ್ಟು ಉದ್ದ. ನಿಜ ಹೇಳಬೇಕೆಂದರೆ, ಮಧ್ಯಾಹ್ನದ ಮೀನು ಬಂಗುಡೆಯೋ ಬೂತಾಯಿಯೋ ಅಂತ ನಾನು ತೀರ್ಮಾನ ಮಾಡುವುದು ಸಾಮಾನ್ಯವಾಗಿ ರಾಜ್ಯಪಾಲರ ಹತ್ತಿರ ಬಂದಾಗ.

ಪ್ರಶ್ನೆಯ ಮೇಲೆ ನನಗೆ ಸಿಟ್ಟಿಲ್ಲ. ಅದರಲ್ಲಿರುವ ಒಂದೇ ಒಂದು ಅಕ್ಷರದ ಮೇಲೆ ಇದೆ. ‘ದೇಶಕ್ಕೂ’ ಅನ್ನುವಲ್ಲಿ ಬರುವ ಆ ‘ಊ’. ದೇಶಕ್ಕೂ ಅಂದರೆ? ಬೇರೆ ಯಾವುದಕ್ಕೆಲ್ಲ ಮಾಡಿ ಮುಗಿಸಿದ ಮೇಲೆ ದೇಶಕ್ಕೂ? ರೋಮಿಗೆ ಅರ್ಧ ಗಂಟೆ, ಜೆರುಸಲೇಮಿಗೆ ಇಪ್ಪತ್ತು ನಿಮಿಷ, ಟೈಮ್ ಉಳಿದರೆ ಭಾರತಕ್ಕೂ ಎರಡು ಮಾತು ಅಂತಲಾ? ಇನ್ನು ಆ ‘ನಮ್ಮ’. ಕನ್ನಡದ ‘ನಮ್ಮ’ ಬಹಳ ಜಾಣ ಪದ. ಅದರೊಳಗೆ ನಾನು ಇದ್ದೇನೋ ಇಲ್ಲವೋ ಅಂತ ಬಾಯಿ ಬಿಟ್ಟು ಹೇಳುವುದೇ ಇಲ್ಲ. ನಮ್ಮ ಮನೆಮಾತು ತುಳು. ತುಳುವಿನಲ್ಲಿ ಈ ಆಟ ನಡೆಯುವುದಿಲ್ಲ. ಕೇಳುವವನನ್ನೂ ಸೇರಿಸಿಕೊಂಡರೆ ‘ನಮ’, ಅವನನ್ನು ಬಿಟ್ಟರೆ ‘ಎಂಕುಲು’. ತುಳುವಿನಲ್ಲಿ ಕೇಳಿದ್ದರೆ ಮನಸ್ಸಿನಲ್ಲಿರುವುದು ಮೊದಲ ಪದದಲ್ಲೇ ಗೊತ್ತಾಗುತ್ತಿತ್ತು.

(ಮನೆಮಾತು ತುಳು ಅಂದ ತಕ್ಷಣ ಇನ್ನೊಂದು ಪ್ರಶ್ನೆ ಬರುತ್ತದೆ: “ಓ, ಮಂಗ್ಳೂರಾ? ಹಾಗಾದ್ರೆ ಕೊಂಕಣಿ ಅಲ್ವಾ?” ಅಲ್ಲ. ಕೊಂಕಣಿ ಮಾತಾಡುವವರು ಹೆಚ್ಚಾಗಿ ಕ್ಯಾಥೊಲಿಕರು. ನಾವು ಬಾಸೆಲ್ ಮಿಶನ್ ಕಡೆಯವರು, ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂದ ಪ್ರೊಟೆಸ್ಟಂಟ್ ಮಿಶನ್ ಅದು. ಅದಕ್ಕೆ ಬೇರೆಯೇ ಲೇಖನ ಬೇಕು, ಈಗ ಬೇಡ.)

ಈ ಪ್ರಶ್ನೆಗೆ ನಾನು ಕೆಟ್ಟದಾಗಿ ಉತ್ತರ ಕೊಟ್ಟ ದಿನವೊಂದಿದೆ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆಗಸ್ಟ್ 15. ಧ್ವಜಾರೋಹಣ ಮುಗಿದಿತ್ತು. ಪೇಪರ್ ತಟ್ಟೆಯಲ್ಲಿ ಉಪ್ಪಿಟ್ಟು, ಕೇಸರಿಬಾತ್. ಮೂರನೇ ಮಹಡಿಯ ಅಂಕಲ್ ಪಕ್ಕದಲ್ಲಿ ಬಂದು ನಿಂತರು. ಬ್ಯಾಂಕಿನಿಂದ ರಿಟೈರ್ ಆದವರು, ಒಳ್ಳೆಯವರೇ. ಲಿಫ್ಟ್ ಕೆಟ್ಟಾಗ ಎಲ್ಲರ ಪರವಾಗಿ ಜಗಳ ಆಡುವವರು ಅವರೊಬ್ಬರೇ. “ನಿಮ್ಮ ಚರ್ಚಲ್ಲೂ ಇವತ್ತು ಏನಾದ್ರೂ ಇರುತ್ತಾ? ದೇಶಕ್ಕೂ ಪ್ರಾರ್ಥನೆ ಮಾಡ್ತೀರಾ?” ಅಂದರು.

“ಹೌದು ಅಂಕಲ್” ಅಂದು ಕೇಸರಿಬಾತ್ ತಿಂದಿದ್ದರೆ ಮುಗಿಯುತ್ತಿತ್ತು. ನಾನು ಪಾಠ ಶುರು ಮಾಡಿಬಿಟ್ಟೆ. ಅಂಕಲ್, ಕನ್ನಡದ ಮೊದಲ ಪತ್ರಿಕೆ ಯಾವುದು ಹೇಳಿ? ಮಂಗಳೂರ ಸಮಾಚಾರ. 1843ರ ಜುಲೈ 1ರಂದು ಬಂತು, ತಂದವರು ನಮ್ಮ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್. ಈಗಲೂ ಜುಲೈ 1ರಂದೇ ಪತ್ರಿಕಾ ದಿನ ಮಾಡೋದು. ದಾಸರ ಪದಗಳನ್ನು 1850ರಲ್ಲಿ ಅಚ್ಚು ಹಾಕಿಸಿದವರೂ ಅವರೇ, ಪಾದ್ರಿ ಆಗಿದ್ದುಕೊಂಡು! ಬಸವಪುರಾಣ, ಜೈಮಿನಿ ಭಾರತ ಕೂಡ. ನಿಘಂಟು? ಕಿಟೆಲ್, 1894, ಸುಮಾರು 70,000 ಪದ. ಮಂಗಳೂರು ಹೆಂಚು? ಮಂಗಳೂರಿನ ಜೆಪ್ಪುವಿನಲ್ಲಿ ಮಿಶನ್ ಕಾರ್ಖಾನೆ, 1865, ಜಾರ್ಜ್ ಪ್ಲೆಬ್ಸ್ಟ್, ನೇತ್ರಾವತಿಯ ಜೇಡಿಮಣ್ಣು. ನಮ್ಮ ಮುತ್ತಜ್ಜ ಅಲ್ಲೇ ಕೆಲಸಕ್ಕಿದ್ದರು. ಒಂದೇ ಉಸಿರಲ್ಲಿ ಇಷ್ಟೂ ಹೇಳಿದೆ. ಉಪ್ಪಿಟ್ಟು ತಣ್ಣಗಾಯಿತು.

ಅಂಕಲ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಯಾವ ಕುಹಕವೂ ಇಲ್ಲದೆ ಅಂದರು: “ಹೌದಾ, ಭಾಳ ಸಂತೋಷ. ಆದ್ರೆ ಅವರೆಲ್ಲ ಜರ್ಮನರು ಅಲ್ವಾ?”

ನನ್ನ ಬಾಯಿ ಕಟ್ಟಿತು. ನಾನು ಈ ನೆಲದ ಮಗು ಅಂತ ತೋರಿಸಲು ಹೋಗಿ, ಸಾಕ್ಷಿಗೆ ಒಬ್ಬೊಬ್ಬರಾಗಿ ಜರ್ಮನಿಯವರನ್ನೇ ಕರೆದು ನಿಲ್ಲಿಸಿದ್ದೆ.

ಮೆಟ್ಟಿಲು ಹತ್ತುವಾಗ (ಲಿಫ್ಟ್ ಕೆಟ್ಟಿತ್ತು) ಉತ್ತರ ಹೊಳೆಯಿತು. ಆನಂದರಾವ್ ಕೌಂಡಿನ್ಯ! ಮಂಗಳೂರಿನವರೇ, ಸಾರಸ್ವತ ಬ್ರಾಹ್ಮಣರು. 1844ರಲ್ಲಿ ದೀಕ್ಷಾಸ್ನಾನ ಆಗಿ ಕ್ರೈಸ್ತರಾದರು, ಊರಲ್ಲಿ ದೊಡ್ಡ ಗಲಾಟೆಯೂ ಆಯಿತು. ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ವಾಪಸ್ ಬಂದರು. ವಾಪಸ್ ಕೆಳಗೆ ಹೋಗಿ ಅಂಕಲ್‌ಗೆ ಹೇಳಿ ಬರೋಣ ಅಂತ ಎರಡು ಮೆಟ್ಟಿಲು ಇಳಿದೆ ಕೂಡ. ಅಲ್ಲೇ ನಿಂತೆ. ಯಾಕೆ ಮೊದಲು ಇವರೇ ನೆನಪಾದರು? ನಮ್ಮ ಚರ್ಚಿನ ವಾರ್ಷಿಕೋತ್ಸವದ ಭಾಷಣಗಳಲ್ಲಿ ಕೌಂಡಿನ್ಯರ ಹೆಸರು ಬಂದಾಗಲೆಲ್ಲ ಅವರು ಹುಟ್ಟಿದ ಜಾತಿಯೂ ಜೊತೆಗೆ ಬರುತ್ತದೆ, ಸ್ವಲ್ಪ ಎದೆ ಉಬ್ಬಿಸಿಕೊಂಡೇ ಬರುತ್ತದೆ. ಜೆಪ್ಪುವಿನಲ್ಲಿ ಹೆಂಚು ಹೊತ್ತವರ ಹೆಸರು ಒಂದು ಭಾಷಣದಲ್ಲೂ ಕೇಳಿದ ನೆನಪಿಲ್ಲ. ಆ ಕಾರ್ಖಾನೆ ಬಂದದ್ದೇ ಅಂಥವರಿಗಾಗಿ. ಕ್ರೈಸ್ತರಾದ ಕೂಡಲೇ ಮನೆಯವರು ಹೊರಗೆ ಹಾಕುತ್ತಿದ್ದರು, ಜಾತಿಯ ಕಸುಬು ಕೈಬಿಡುತ್ತಿತ್ತು. ಬಿಲ್ಲವರಿಗಂತೂ ಮೂರ್ತೆಗಾರಿಕೆ, ಅಂದರೆ ಕಳ್ಳು ಇಳಿಸುವ ಕೆಲಸ, ಬಿಡಲೇಬೇಕಿತ್ತು, ಮಿಶನ್‌ಗೆ ಹೆಂಡದ ಕೆಲಸ ಆಗುತ್ತಿರಲಿಲ್ಲ. ಹೊಟ್ಟೆಪಾಡಿಗೆ ಬೇರೆ ದಾರಿ ಬೇಕಲ್ಲ? ಹಾಗೆ ನೇಯ್ಗೆ ಬಂತು, ಹೆಂಚು ಬಂತು.

ಈಚೆಗೆ ವಾಟ್ಸಾಪಿನಲ್ಲಿ ಒಂದು ಕರೆ ಬಂತು. ದೇಶಕ್ಕಾಗಿ 21 ದಿನ ಉಪವಾಸ ಪ್ರಾರ್ಥನೆ, ದೇಶದ ಪಾಪಗಳಿಗಾಗಿ ಪಶ್ಚಾತ್ತಾಪ. ಕೆಳಗೆ ಪಾಪಗಳ ಪಟ್ಟಿ. ಓದಿದೆ. ಎಲ್ಲ ಬೇರೆಯವರದೇ. ನಮ್ಮದು ಒಂದೂ ಇರಲಿಲ್ಲ. ಮೇಲೆ ಎಂದಿನಂತೆ ಬೈಬಲಿನ ಎರಡನೇ ಪೂರ್ವಕಾಲವೃತ್ತಾಂತದ ಏಳನೇ ಅಧ್ಯಾಯದ ವಚನ: ನನ್ನ ಜನರು ತಮ್ಮನ್ನು ತಗ್ಗಿಸಿಕೊಂಡು, ಪ್ರಾರ್ಥಿಸಿ, ಕೆಟ್ಟ ನಡತೆ ಬಿಟ್ಟು ತಿರುಗಿಕೊಂಡರೆ ನಾನು ಅವರ ದೇಶವನ್ನು ಗುಣಪಡಿಸುತ್ತೇನೆ ಅನ್ನುವ ಮಾತು. ತಿರುಗಬೇಕಾದವರು ಯಾರು ಅಂತ ಅಲ್ಲೇ ಇದೆ. ‘ನನ್ನ ಜನರು’. ಪಕ್ಕದ ಬೀದಿಯವರಲ್ಲ.

ಹಾಗಾಗಿ ಯಾರಾದರೂ ನನ್ನನ್ನು ಕೇಳಬೇಕು ಅಂತ ನಾನು ಕಾಯುತ್ತಿರುವ ಪ್ರಶ್ನೆ ಬೇರೆ. ನೀವು ಯಾವುದಕ್ಕೆ ಪಶ್ಚಾತ್ತಾಪ ಪಡ್ತೀರಿ? ಕೇಳಿ ನೋಡಿ. ‘ಊ’ ಸೇರಿಸಿದರೂ ಪರವಾಗಿಲ್ಲ.

ಯಾರೂ ಕೇಳಿಲ್ಲ. ನಾನೇ ಹೇಳುತ್ತೇನೆ. 1950ರ ಆಗಸ್ಟ್ 10ರಂದು ಪರಿಶಿಷ್ಟ ಜಾತಿಗಳ ಆದೇಶ ಹೊರಬಿತ್ತು. ಅದರ ಪ್ರಕಾರ ದಲಿತ ಕ್ರೈಸ್ತರು ಪರಿಶಿಷ್ಟ ಜಾತಿಯವರಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ನಮ್ಮವರನ್ನು ಸೇರಿಸಲಿಲ್ಲ. ಪ್ರತಿ ಆಗಸ್ಟ್ 10ಕ್ಕೆ ಚರ್ಚುಗಳು ಕಪ್ಪು ದಿನ ಅಂತ ಪ್ರತಿಭಟಿಸುತ್ತವೆ. ಮತ ಬದಲಾದರೂ ಜಾತಿ ಬೆನ್ನು ಬಿಡುವುದಿಲ್ಲ ಅಂತ ಸರ್ಕಾರಕ್ಕೆ ಹೇಳುತ್ತೇವೆ. ಸರಿಯಾದ ಮಾತು. ನಾನೂ ಸಹಿ ಹಾಕಿದ್ದೇನೆ. ಅದೇ ನಮ್ಮಲ್ಲಿ ಹುಡುಗಿ ನೋಡುವಾಗ, ಮೂರು ತಲೆಮಾರಿನಿಂದ ಚರ್ಚಿಗೆ ಹೋಗುವ ಮನೆಯವರು ದನಿ ತಗ್ಗಿಸಿ ಕೇಳುವ ಮೊದಲ ಪ್ರಶ್ನೆ: “ಮೂಲದಲ್ಲಿ ಯಾರು?”

ಬೈಬಲಿನ ನೆಹೆಮಿಯ ತನ್ನ ಊರಿನ ಮುರಿದ ಗೋಡೆಗಾಗಿ ಅತ್ತು ಪ್ರಾರ್ಥಿಸುವಾಗ ‘ಅವರು’ ಪಾಪ ಮಾಡಿದರು ಅನ್ನುವುದಿಲ್ಲ. ನಾನೂ ನನ್ನ ತಂದೆಯ ಮನೆಯವರೂ ಅನ್ನುತ್ತಾನೆ. ನಮ್ಮ ಮನೆಯದು ಒಂದು ಎನಾಮೆಲ್ ಲೋಟದ ಕಥೆ. ಬಿಳಿ ಬಣ್ಣ, ನೀಲಿ ಅಂಚು, ಒಂದು ಕಡೆ ಚಕ್ಕೆ ಎದ್ದಿತ್ತು. ಅಂಗಳ ಗುಡಿಸಲು, ಬಚ್ಚಲು ತೊಳೆಯಲು ಬರುತ್ತಿದ್ದವರಿಗೆ ಅಜ್ಜಿ ಅದರಲ್ಲೇ ಚಾ ಕೊಡುತ್ತಿದ್ದಳು. ಕುಡಿದು, ಅವರೇ ತೊಳೆದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿ ಹೋಗಬೇಕು. ಒಳಗಿನ ಪಾತ್ರೆಗಳ ಜೊತೆ ಅದು ಒಮ್ಮೆಯೂ ಸೇರಲಿಲ್ಲ.

ಅವರೂ ನಮ್ಮ ಚರ್ಚಿನವರೇ. ಹಿಂದಿನ ಬೆಂಚು. ಕರ್ತನ ಭೋಜನದ ಭಾನುವಾರ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ದಿನ, ಎಲ್ಲರಿಗೂ ಒಂದೇ ಬಟ್ಟಲು. ಪಾದ್ರಿಗಳು ಅಂಚನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ಮುಂದಿನವರ ತುಟಿಗೆ ಹಿಡಿಯುತ್ತಿದ್ದರು. ಅಜ್ಜಿ ಕುಡಿದ ಬಟ್ಟಲಿನಲ್ಲೇ ಅವರೂ ಕುಡಿದರು, ಎಷ್ಟೋ ವರ್ಷ. ಸೋಮವಾರ ಬೆಳಿಗ್ಗೆ ಮತ್ತೆ ಆ ಲೋಟ. ಅಜ್ಜಿ ಕೆಟ್ಟವಳಲ್ಲ ಅಂತ ಬರೆಯಲು ಬೆರಳು ತುರಿಸುತ್ತಿದೆ. ಅವರ ಮಗಳ ಮದುವೆಗೆ ಬಳೆ ಕೊಟ್ಟವಳು ಅವಳು. ಅವಳ ಸ್ವಂತ ಅಜ್ಜನನ್ನೇ ಒಂದು ಕಾಲದಲ್ಲಿ ದೊಡ್ಡವರ ಮನೆ ಅಂಗಳದಾಚೆ ನಿಲ್ಲಿಸುತ್ತಿದ್ದರಂತೆ. ಅದನ್ನು ಕಣ್ಣೀರು ಹಾಕಿಕೊಂಡು ನಮಗೆ ಹೇಳಿದವಳೂ ಅವಳೇ. ಎರಡನ್ನೂ ಕೂಡಿಸಿ ನೋಡಲಿಲ್ಲ, ಅಷ್ಟೆ. ನಾನೂ ಆ ಲೋಟವನ್ನು ನೋಡುತ್ತಲೇ ಬೆಳೆದೆ. ಒಂದು ದಿನವೂ ಯಾಕೆ ಅಂತ ಕೇಳಲಿಲ್ಲ.

ಕಿಟೆಲ್ ಹುಟ್ಟಿದ ಊರು ರೆಸ್ಟರ್‌ಹಾಫೆ, ವರ್ಷ 1832. ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಕಳೆದ ವಾರ ಅಮ್ಮನಿಗೆ ಫೋನ್ ಮಾಡಿ, ಆ ಲೋಟದಲ್ಲಿ ಚಾ ಕುಡಿಯುತ್ತಿದ್ದವರ ಊರು ಯಾವುದು ಅಂತ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿದಳು.

“ಗೊತ್ತಿಲ್ಲ ಮಗಾ. ಹಿಂದಿನ ಬಾಗಿಲಿಂದ ಬರ್ತಾ ಇದ್ದಳು.”