ಆರು ತಿಂಗಳ ವಾಸಕ್ಕೊಂದು ಕ್ಯಾನ್ವಾಸ್ ಡೇರೆ

ಕೊಪ್ಪ ತಾಲ್ಲೂಕಿನ ಜಯಪುರದ ಕಡೆ ಇರುವ ನನ್ನ ಅಕ್ಕನ ಮನೆಯ ಮಾಡು ಹಿಂದಿನ ಮಳೆಗಾಲದಲ್ಲಿ ಒಂದು ಮಗ್ಗುಲಿಗೆ ಕುಸಿದಿತ್ತು. ಈ ಸಲದ ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಹೆಂಚು ಇಳಿಸಿ, ಹಳೆಯ ಪಾಯದ ಮೇಲೆಯೇ ಹೊಸ ಮನೆ ಕಟ್ಟಿಸುವುದೆಂದು ಅಕ್ಕ, ಭಾವ ಇಬ್ಬರೂ ತೀರ್ಮಾನಿಸಿದ್ದರು. ಕೆಲಸ ಮುಗಿಯುವವರೆಗೆ ಕೊಪ್ಪದಲ್ಲಿ ಬಾಡಿಗೆ ಮನೆ ಹಿಡಿಯಬಹುದಿತ್ತು; ಆದರೆ ಕಣದಲ್ಲಿ ಕಾಫಿ ಒಣಗುತ್ತಿರುವಾಗ, ಅಂಗಳದಲ್ಲಿ ಅಡಿಕೆ ಹರಡಿರುವಾಗ ರಾತ್ರಿ ಜಾಗ ಬಿಟ್ಟು ಹೋಗುವುದು ತೋಟದವರಿಗೆ ಆಗದ ಮಾತು. ಹೀಗಾಗಿ ಡಿಸೆಂಬರಿನಿಂದ ಮೇ ಕೊನೆಯವರೆಗೆ, ಅಂದರೆ ರೋಹಿಣಿ ಮಳೆ ಹಿಡಿದುಕೊಳ್ಳುವ ತನಕ, ಕಣದ ಪಕ್ಕದಲ್ಲೇ ಡೇರೆ ಹಾಕಿಕೊಂಡು ಇರುವುದೆಂದಾಯಿತು. ಕುದುರೆಮುಖದ ಕಡೆ ಸಸ್ಯ ಸಮೀಕ್ಷೆಯ ಕೆಲಸದಲ್ಲಿ ತಿಂಗಳುಗಟ್ಟಲೆ ಟೆಂಟುಗಳಲ್ಲಿ ಕಳೆದವನು ನಾನಾದ್ದರಿಂದ, ಅದನ್ನು ಆರಿಸುವ ಹೊಣೆಯನ್ನು ಅಕ್ಕ ನನಗೆ ವಹಿಸಿದಳು. ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ಭಾವನೂ ನಾನೂ ಬಾಳೆಹೊನ್ನೂರು ದಾರಿಯಾಗಿ ಚಿಕ್ಕಮಗಳೂರಿಗೆ ಹೊರಟೆವು.

ಬೆನ್ನಿಗೆ ಹಾಕಿಕೊಂಡು ಹೋಗುವ ನೈಲಾನ್ ಟೆಂಟುಗಳ ವಿಷಯವನ್ನು ದಾರಿಯಲ್ಲೇ ಮಾತಾಡಿ ಮುಗಿಸಿದ್ದೆವು. ಅವು ಬೆಟ್ಟ ಹತ್ತುವವರಿಗೆ ಒಳ್ಳೆಯವು, ವಾಸಕ್ಕೆ ಅಲ್ಲ. ದಿನವೂ ಬಿಸಿಲಿಗೆ ಒಡ್ಡಿಕೊಂಡರೆ ನೇರಳಾತೀತ ಕಿರಣಗಳಿಗೆ ನೈಲಾನ್ ಬಟ್ಟೆ ಬೇಗ ಸೋಲುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಒಳಗಿನ ತೇವದ್ದು. ನಿದ್ದೆಯಲ್ಲಿ ಒಬ್ಬ ಮನುಷ್ಯನ ಉಸಿರು ಮತ್ತು ಚರ್ಮದಿಂದ ಸುಮಾರು ಕಾಲು ಲೀಟರಿನಷ್ಟು ನೀರು ಆವಿಯಾಗಿ ಹೊರಬರುತ್ತದೆ. ಲೇಪನ ಕೊಟ್ಟ ನೈಲಾನ್ ಅದನ್ನು ಹೊರಗೆ ಬಿಡುವುದಿಲ್ಲವಾದ್ದರಿಂದ, ಗಾಳಿ ಸರಿಯಾಗಿ ಆಡದ ಟೆಂಟಿನಲ್ಲಿ ಬೆಳಗಿನ ಚಳಿಗೆ ಆ ಆವಿಯೆಲ್ಲ ಬಟ್ಟೆಯ ಒಳಮೈಯಲ್ಲಿ ಹನಿಗಟ್ಟಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಒಂದೆರಡು ರಾತ್ರಿಯಾದರೆ ಸಹಿಸಬಹುದು, ಆದರೆ ಅಕ್ಕನಂತೆ ಉಬ್ಬಸದ ತೊಂದರೆ ಇರುವವರು ಅಂಥ ತೇವದಲ್ಲಿ ಆರು ತಿಂಗಳು ಮಲಗುವುದೆಂದರೆ ಕಾಯಿಲೆಯನ್ನು ಕರೆದಂತೆಯೇ ಸರಿ.

ಮಾರ್ಕೆಟ್ ರಸ್ತೆಯ ಹಿಂದಿನ ಓಣಿಯಲ್ಲಿ ಲಾರಿಗಳ ತಾರ್ಪಾಲು, ಜೀಪಿನ ಹುಡ್ಡು, ಮದುವೆ ಶಾಮಿಯಾನಗಳನ್ನು ಹೊಲಿಯುವ ಒಂದು ಅಂಗಡಿಯಿದೆ. ಅಲ್ಲಿಯ ಮೇಸ್ತ್ರಿ ಚಿಕ್ಕಂದಿನಲ್ಲಿ ಯಕ್ಷಗಾನದ ಡೇರೆ ಮೇಳವೊಂದರ ಜೊತೆ ತಿರುಗುತ್ತಾ, ಹರಿದ ಡೇರೆಗೆ ತೇಪೆ ಹಾಕುತ್ತಲೇ ಹೊಲಿಗೆ ಕಲಿತವರು. ನಮ್ಮ ಅಗತ್ಯವನ್ನು ಕೇಳಿದ ಕೂಡಲೇ ಅವರು ಮೂಲೆಯಲ್ಲಿದ್ದ ದಪ್ಪನೆಯ ಹಸಿರು ಥಾನನ್ನು ಎಳೆದು ಹರವಿದರು. "ಮೇಣದ ಕ್ಯಾನ್ವಾಸು ಸಾರ್. ಒಂದು ಹನಿ ಒಳಗೆ ಬರಲ್ಲ," ಎಂದರು. ಭಾವನ ಮುಖ ಅರಳಿತು. ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಯಾವುದೇ ಮಾಡಿನ ಬಗ್ಗೆ ಮೊದಲು ಏಳುವ ಪ್ರಶ್ನೆ ಅದು ಸೋರುತ್ತದೆಯೇ ಎನ್ನುವುದೇ. ಆದರೆ ಡಿಸೆಂಬರಿನಿಂದ ಮೇ ತನಕದ ವಾಸಕ್ಕೆ ಆ ಪ್ರಶ್ನೆಗಿಂತ ಮುಂದಿನದು ಇನ್ನೊಂದಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ: ನೆನೆದ ಡೇರೆ ಎಷ್ಟು ಹೊತ್ತಿಗೆ ಒಣಗುತ್ತದೆ? ಆ ತಿಂಗಳುಗಳಲ್ಲಿ ನಮ್ಮ ಕಡೆ ಜೋರು ಮಳೆ ಬೀಳುವುದು ಕಾಫಿ ಹೂ ಅರಳಿಸುವ ಹೂಮಳೆಯ ಒಂದೆರಡು ಸಲ, ಆಮೇಲೆ ಏಪ್ರಿಲ್-ಮೇ ತಿಂಗಳ ಗುಡುಗಿನ ಮಳೆಗಳಲ್ಲಿ. ಇಬ್ಬನಿ ಮತ್ತು ಕಾವಳ ಮಾತ್ರ ಚಳಿಗಾಲದುದ್ದಕ್ಕೂ ಇರುತ್ತವೆ. ರಾತ್ರಿಯೆಲ್ಲ ತೇವ ಕುಡಿದ ಬಟ್ಟೆ ಮಧ್ಯಾಹ್ನದೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದ ಹತ್ತಿಯ ನೂಲು ಕ್ರಮೇಣ ಬಲಗುಂದಿ, ಕೈಯಲ್ಲಿ ಎಳೆದರೆ ಹರಿಯುವ ಸ್ಥಿತಿಗೆ ಬರುತ್ತದೆ.

ಮೇಣದ ಬಟ್ಟೆಯನ್ನು ನಾನು ಒಪ್ಪಲಿಲ್ಲ. ಅದು ಲಾರಿಯ ಸರಕಿಗೆ ಸರಿ, ಆದರೆ ಮನುಷ್ಯರು ಉಸಿರಾಡುವ ಜಾಗಕ್ಕೆ ಹೊಂದುವುದಿಲ್ಲ. ಅದು ಗಾಳಿಯಾಡಲು ಬಿಡುವುದಿಲ್ಲ, ಬಿಸಿಲಿಗೆ ವಾಸನೆ ಬಿಡುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಬೆಂಕಿ ತಗುಲಿದರೆ ಬಲುಬೇಗ ಉರಿಯುತ್ತದೆ. 1944ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಊರಿನಲ್ಲಿ ಮೇಣ ಮತ್ತು ಪೆಟ್ರೋಲ್ ಬೆರೆಸಿ ಹಚ್ಚಿದ್ದ ಸರ್ಕಸ್ ಡೇರೆ ಹೊತ್ತಿಕೊಂಡು 160ಕ್ಕೂ ಹೆಚ್ಚು ಜನ ತೀರಿಕೊಂಡರೆಂದು ನಾನು ಹೇಳಿದೆ. ಭಾವನಿಗೆ ತಟ್ಟನೆ 1981ರ ಫೆಬ್ರವರಿ ನೆನಪಾಯಿತು. ಬೆಂಗಳೂರಿನಲ್ಲಿ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ, ಅವರಲ್ಲಿ ಬಹಳಷ್ಟು ಮಕ್ಕಳು, ಪ್ರಾಣ ಕಳೆದುಕೊಂಡ ಸುದ್ದಿಯನ್ನು ಅವರು ಶಾಲಾ ದಿನಗಳಲ್ಲಿ ಕೇಳಿದ್ದರು. ಹಸಿರು ಥಾನನ್ನು ಅವರೇ ಸುತ್ತಿ ಪಕ್ಕಕ್ಕಿಟ್ಟರು.

ಮೇಣವಿಲ್ಲದ ಕ್ಯಾನ್ವಾಸ್ ಮಳೆಯನ್ನು ಹೇಗೆ ತಡೆಯುತ್ತದೆ ಎಂಬ ಸಂಶಯ ಭಾವನಿಗೆ ಉಳಿದೇ ಇತ್ತು. ಹತ್ತಿಯ ಎಳೆಗೆ ನೀರು ತಾಗಿದರೆ ಅದು ಉಬ್ಬುತ್ತದೆ. ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಎಳೆಗಳೆಲ್ಲ ಉಬ್ಬಿದಾಗ ನಡುವಿನ ಸಣ್ಣ ಕಂಡಿಗಳು ಮುಚ್ಚಿಹೋಗುತ್ತವೆ. ಒಣಗಿದಾಗ ಅವೇ ಕಂಡಿಗಳು ಮತ್ತೆ ತೆರೆದು ಒಳಗಿನ ಆವಿಯನ್ನು ಹೊರಗೆ ಬಿಡುತ್ತವೆ. ಒಂದೇ ಬಟ್ಟೆ ಮಳೆಯಲ್ಲಿ ಮುಚ್ಚಿಕೊಂಡು ಬಿಸಿಲಲ್ಲಿ ಬಿಚ್ಚಿಕೊಳ್ಳುವ ಈ ಗುಣ ಯಾವ ಪ್ಲಾಸ್ಟಿಕ್ಕಿಗೂ ಇಲ್ಲ, ಮತ್ತು ಇಂದಿಗೂ ದೀರ್ಘ ವಾಸಕ್ಕೆ ಕ್ಯಾನ್ವಾಸನ್ನು ಬಿಟ್ಟು ಬೇರೊಂದನ್ನು ನಾನು ಸೂಚಿಸದಿರುವುದಕ್ಕೆ ಅದೇ ಕಾರಣ. ಮೇಸ್ತ್ರಿ ಒಂದು ಮಾತನ್ನೂ ಆಡದೆ ಬಿಳಿಯ ಕ್ಯಾನ್ವಾಸಿನ ತುಂಡೊಂದನ್ನು ಜೋಳಿಗೆಯಂತೆ ಹಿಡಿದು ಅದರಲ್ಲಿ ಒಂದು ಚೊಂಬು ನೀರು ಸುರಿದರು. ಅಡಿಯಲ್ಲಿ ಮೊದಲು ಒಂದಷ್ಟು ಹನಿಗಳು ಮೂಡಿದವು, ಸ್ವಲ್ಪ ಹೊತ್ತಿನಲ್ಲಿ ಅವು ನಿಂತವು. ಆಮೇಲೆ ಅಡಿಯಿಂದ ಬೆರಳು ತಾಗಿಸಿ ಒಮ್ಮೆ ಉಜ್ಜಿದರು. ಉಜ್ಜಿದ ಜಾಗದಲ್ಲಿ ಮತ್ತೆ ಹನಿ ಜಿನುಗಿತು. "ಮಳೆ ಬರೋವಾಗ ಒಳಗಿಂದ ಬಟ್ಟೆ ಮುಟ್ಟಬಾರದು, ಪೆಟ್ಟಿಗೆ, ಮಂಚ ತಾಗಿಸಿ ಇಡಬಾರದು. ಅಕ್ಕನವರಿಗೆ ಹೇಳಿಬಿಡಿ," ಎಂದು ಭಾವನಿಗೆ ಎಚ್ಚರಿಸಿದರು.

ನಮ್ಮಲ್ಲಿ ನಿಜವಾದ ಚರ್ಚೆ ನಡೆದದ್ದು ಬಟ್ಟೆಯ ತೂಕದ ಬಗ್ಗೆ. ಕ್ಯಾನ್ವಾಸನ್ನು ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕದಲ್ಲಿ, ಅಂದರೆ ಜಿಎಸ್‌ಎಂನಲ್ಲಿ, ಅಳೆಯುತ್ತಾರೆ. ಅಂಗಡಿಯಲ್ಲಿ ಎರಡು ಬಟ್ಟೆಗಳಿದ್ದವು: ಪೂರ್ತಿ ಹತ್ತಿಯ 400 ಜಿಎಸ್‌ಎಂನದು ಒಂದು, ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆಸಿದ 320 ಜಿಎಸ್‌ಎಂನದು ಇನ್ನೊಂದು. ದಪ್ಪನೆಯದೇ ಗಟ್ಟಿ, ಗಟ್ಟಿಯದೇ ಬಾಳಿಕೆ ಎಂಬುದು ಭಾವನ ವಾದ. ಬಿಸಿಲು ಧಾರಾಳವಾಗಿರುವ ಅರಸೀಕೆರೆ, ಕಡೂರಿನ ಬಯಲಿನಲ್ಲಾದರೆ ನಾನೂ ಅದನ್ನು ಒಪ್ಪುತ್ತಿದ್ದೆ. ಅಂಗಡಿಯ ಬಿಲ್ ಪುಸ್ತಕದ ಹಿಂಬದಿಯಲ್ಲೇ ಲೆಕ್ಕ ಹಾಕಿದೆವು. ಹನ್ನೆರಡು ಅಡಿ ಅಗಲ, ಹದಿನಾಲ್ಕು ಅಡಿ ಉದ್ದ, ಐದಡಿ ಎತ್ತರದ ಗೋಡೆ, ನೆತ್ತಿ ಹತ್ತಡಿ ಎಂದಿಟ್ಟುಕೊಂಡರೆ ಗೋಡೆ, ಮಾಡು, ಎರಡು ತುದಿಯ ತ್ರಿಕೋನಗಳು ಸೇರಿ ಸುಮಾರು 540 ಚದರ ಅಡಿ, ಅಂದರೆ 50 ಚದರ ಮೀಟರ್ ಬಟ್ಟೆ ಬೇಕು. 400 ಜಿಎಸ್‌ಎಂನದಾದರೆ 20 ಕೆ.ಜಿ., 320ರದಾದರೆ 16 ಕೆ.ಜಿ. ಒಣ ಬಟ್ಟೆಯಲ್ಲಿ ಈ ನಾಲ್ಕು ಕೆ.ಜಿ. ವ್ಯತ್ಯಾಸ ದೊಡ್ಡದಲ್ಲ. ಆದರೆ ದಪ್ಪನೆಯ ಹತ್ತಿ ಹೀರುವ ನೀರೂ ಹೆಚ್ಚು, ಪಾಲಿಯೆಸ್ಟರ್ ಎಳೆ ನೀರನ್ನು ಒಳಗೆ ಹೀರುವುದೇ ಅಪರೂಪ. ಜಯಪುರದ ಆ ಕಣಿವೆಯಲ್ಲಿ ಕಾವಳ ಕರಗಿ ಬಿಸಿಲು ಬೀಳುವಷ್ಟರಲ್ಲಿ ಹತ್ತು ಗಂಟೆ ಮೀರಿರುತ್ತದೆ. ಗುಡ್ಡದ ನೆರಳು ನಾಲ್ಕು ಗಂಟೆಗೇ ಕಣದ ಮೇಲೆ ಬೀಳುತ್ತದೆ. ಒಣಗಲು ಸಿಗುವ ಹೊತ್ತು ಅಷ್ಟೇ. ಬೆರಕೆ ಬಟ್ಟೆ ಹತ್ತಿಯಷ್ಟು ಉಬ್ಬುವುದಿಲ್ಲ ಎಂಬುದು ನಿಜವಾದರೂ, ನೀರು ನಿಲ್ಲದಂತೆ ಸಂಸ್ಕರಿಸಿ ಬಿಗಿಯಾಗಿ ನೇಯ್ದ ಆ ಥಾನು ಚೊಂಬಿನ ಪರೀಕ್ಷೆಯಲ್ಲಿ ಚೆನ್ನಾಗಿಯೇ ನಿಂತಿತು, ಕುಗ್ಗುವುದೂ ಕಡಿಮೆ. ಭಾವ ಎರಡೂ ತುಂಡುಗಳನ್ನು ನೀರಲ್ಲಿ ಅದ್ದಿ ಹಿಂಡಿ ಅಂಗಡಿಯ ಮುಂದಿನ ಹಗ್ಗಕ್ಕೆ ಹಾಕಿದರು. ನಾವು ಊಟ ಮುಗಿಸಿ ಬರುವ ಹೊತ್ತಿಗೆ ಬೆರಕೆಯದು ಒಣಗಿತ್ತು, ಹತ್ತಿಯದರ ಅಂಚು ಇನ್ನೂ ತಣ್ಣಗಿತ್ತು. ಮುಂದೆ ಅವರು ವಾದಿಸಲಿಲ್ಲ.

ಆಕಾರದ ವಿಚಾರದಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ನಡುವೆ ಒಂದೇ ಕಂಬವಿರುವ ಗಂಟೆಯಾಕಾರದ ಟೆಂಟುಗಳು ಈಗ ಹೋಂಸ್ಟೇಗಳಲ್ಲಿ ಹೆಚ್ಚಾಗಿ ಕಾಣುತ್ತವೆ. ಅವುಗಳ ಅಂಚಿನಲ್ಲಿ ಗೋಡೆ ಗಿಡ್ಡವಾದ್ದರಿಂದ ಮಂಚ, ಬೀರು, ಅಕ್ಕಿ ಡಬ್ಬಗಳನ್ನು ಬಟ್ಟೆಗೆ ತಾಗದಂತೆ ಇಡುವುದು ಕಷ್ಟ. ನೇರ ಗೋಡೆಯ, ಎರಡು ಇಳಿಜಾರಿನ ಮನೆಯಾಕಾರವನ್ನೇ ಆರಿಸಿದೆವು. ಮೇಸ್ತ್ರಿಯವರ ವಾಡಿಕೆಯ ಅಳತೆಯಲ್ಲಿ ನೆತ್ತಿ ಒಂಬತ್ತಡಿ. ಅದನ್ನು ಹತ್ತಕ್ಕೆ ಏರಿಸಿ ಎಂದು ನಾನು ಒತ್ತಾಯಿಸಿದೆ. ಒಂದಡಿ ಎತ್ತರಿಸಿದರೆ ಇಳಿಜಾರಿನ ಕೋನ 34 ಡಿಗ್ರಿಯಿಂದ 40ಕ್ಕೆ ಹೋಗುತ್ತದೆ, ನೀರು ನಿಲ್ಲದೆ ಜಾರುತ್ತದೆ. ಬಟ್ಟೆ ಎಲ್ಲಿ ಜೋಲುತ್ತದೆಯೋ ಅಲ್ಲಿ ನೀರು ಮಡುಗಟ್ಟುತ್ತದೆ, ಮಡುಗಟ್ಟಿದಲ್ಲಿ ಮೊದಲು ಸೋರುತ್ತದೆ.

ಮಾಡಿನ ಮೇಲೆ ಮುಕ್ಕಾಲು ಅಡಿ ಅಂತರ ಬಿಟ್ಟು ಇನ್ನೊಂದು ಹೊದಿಕೆ ಇರಲೇಬೇಕು ಎಂಬುದನ್ನು ಮೇಸ್ತ್ರಿಯವರೇ ಹೇಳಿದರು. ನಮ್ಮ ಸೈನ್ಯದ ಡೇರೆಗಳಲ್ಲಿ ಎರಡು ಮಾಡು ಇಡುವ ಪದ್ಧತಿ ಹಳೆಯದು. ನಡುವಿನ ಗಾಳಿ ಮಾರ್ಚ್-ಏಪ್ರಿಲ್‌ನ ಸೆಕೆಯನ್ನು ತಡೆಯುತ್ತದೆ. ಇಬ್ಬನಿಯೂ ಹಕ್ಕಿಯ ಹಿಕ್ಕೆಯೂ ಮರದ ತೊಟ್ಟಿಕ್ಕುವ ಕಂದು ನೀರೂ ಮೇಲಿನ ಹೊದಿಕೆಯಲ್ಲೇ ನಿಲ್ಲುತ್ತವೆ. ಬಿಸಿಲಿಗೆ ಬಟ್ಟೆ ಸವೆಯುವುದಾದರೂ ಹೊದಿಕೆ ಮಾತ್ರ ಸವೆದು, ಎರಡು ಮೂರು ಬೇಸಿಗೆಯ ನಂತರ ಅದನ್ನಷ್ಟೇ ಬದಲಾಯಿಸಿದರೆ ಸಾಕಾಗುತ್ತದೆ. ಖರ್ಚು ಹೆಚ್ಚಾಯಿತು ಎಂದು ಯಾರಾದರೂ ಕಡಿತಗೊಳಿಸಲು ಹೊರಟರೆ ಕಿಟಕಿಯನ್ನೋ ಜೇಬುಗಳನ್ನೋ ಬಿಡಲಿ, ಈ ಹೊದಿಕೆಯನ್ನು ಮಾತ್ರ ಬಿಡಬಾರದು.

ನೆಲಹಾಸಿನ ಬಗ್ಗೆ ನಾನು ಯಾವ ರಾಜಿಗೂ ಸಿದ್ಧನಿರಲಿಲ್ಲ. ಮಳೆಗಾಲದ ಇಂಬಳದ ಕಾಟ ಡಿಸೆಂಬರಿಗೆ ಮುಗಿದಿರುತ್ತದೆ, ಆದರೆ ರಕ್ತ ಹೀರುವ ಉಣ್ಣೆ ಹುಳುಗಳ ಕಾಲ ಶುರುವಾಗುವುದೇ ಆಗ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣ್ಣೆ ಕಚ್ಚುವುದರಿಂದ ಹರಡುತ್ತದೆ, ಕೊಪ್ಪ ಮತ್ತು ಎನ್.ಆರ್.ಪುರದ ಕಡೆಯೂ ಕಾಣಿಸಿಕೊಂಡಿದೆ, ಮತ್ತು ಅದು ಹೆಚ್ಚುವುದು ನಾವು ಡೇರೆಯಲ್ಲಿರಬೇಕೆಂದಿರುವ ತಿಂಗಳುಗಳಲ್ಲೇ. ಆದ್ದರಿಂದ ದಪ್ಪ ಪಿವಿಸಿ ನೆಲಹಾಸನ್ನು ಗೋಡೆಗೆ ಸೇರಿಸಿಯೇ ಹೊಲಿಯಬೇಕು, ಅಂಚು ಅರ್ಧ ಅಡಿ ಮೇಲೆ ಬರಬೇಕು, ಬಾಗಿಲಿಗೂ ಕಿಟಕಿಗೂ ಜಿಪ್ ಇರುವ ಸೊಳ್ಳೆಪರದೆ ಬೇಕು ಎಂದು ಬರೆಸಿದೆ. ಗೋಡೆಯ ಬುಡದಲ್ಲಿ ನೆಲಕ್ಕೆ ತಾಗುವ ಪಟ್ಟಿಯನ್ನೂ ಪಿವಿಸಿಯಲ್ಲೇ ಮಾಡಿಸಿದೆವು. ಕ್ಯಾನ್ವಾಸ್ ಹಸಿ ಮಣ್ಣಿಗೆ ತಾಗಿದರೆ ಗೆದ್ದಲು ಮತ್ತು ಬೂಷ್ಟು ಎರಡೂ ಅಲ್ಲಿಂದಲೇ ಆರಂಭವಾಗುತ್ತವೆ. ಇಷ್ಟೆಲ್ಲ ಎಚ್ಚರಿಕೆಯ ನಡುವೆ ಒಂದು ಮಾತು ಹೇಳಬೇಕು: ಸಕಲೇಶಪುರ, ಆಲೂರು, ಬೇಲೂರಿನ ಕಡೆ ಆನೆಗಳು ಓಡಾಡುವ ತೋಟಗಳಲ್ಲಿ ಎಂಥ ಡೇರೆಯಾದರೂ ಅದರಲ್ಲಿ ಮಲಗುವ ಯೋಚನೆ ಮಾಡಬಾರದು. ಅಕ್ಕನ ಆ ಕಣಿವೆಗೆ ಆನೆ ಬಂದದ್ದಿಲ್ಲ ಎಂಬುದನ್ನು ಸುತ್ತಲಿನವರನ್ನು ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ನಾನು ಈ ಕೆಲಸಕ್ಕೆ ಒಪ್ಪಿದ್ದು.

ಹೊಲಿಗೆಗೆ ಮೇಸ್ತ್ರಿ ತೋರಿಸಿದ ನೂಲಿನ ಒಳಗೆ ಪಾಲಿಯೆಸ್ಟರ್ ತಿರುಳು, ಹೊರಗೆ ಹತ್ತಿ. ತಿರುಳು ಬಲ ಕೊಡುತ್ತದೆ, ಹೊರಗಿನ ಹತ್ತಿ ನೆನೆದು ಉಬ್ಬಿ ಸೂಜಿಯ ತೂತನ್ನು ಮುಚ್ಚುತ್ತದೆ. ಮಾಡಿನ ಹೊಲಿಗೆಗಳನ್ನು ಅಂಚು ಮಡಿಸಿ ಜೋಡಿ ಗೆರೆಯಲ್ಲಿ, ಮೇಲಿನ ಬಟ್ಟೆ ಕೆಳಗಿನದರ ಮೇಲೆ ಹೆಂಚಿನಂತೆ ಕೂರುವ ಹಾಗೆ ಹೊಲಿಯುವುದಾಗಿ ಅವರೇ ಹೇಳಿದಾಗ ನನಗೆ ಅವರ ಕೈಯ ಮೇಲೆ ಪೂರ್ತಿ ಭರವಸೆ ಬಂತು. ಹತ್ತಿಯ ಹಗ್ಗ ನೆನೆದರೆ ಕುಗ್ಗಿ ಗೂಟವನ್ನೇ ಕೀಳುತ್ತದೆ. ಹಾಗಾಗಿ ಪಾಲಿಯೆಸ್ಟರ್ ಹಗ್ಗ ಮತ್ತು ನಮ್ಮ ಸಡಿಲ ಮಣ್ಣಿಗೆ ಒಂದೂವರೆ ಅಡಿಯ ಕಬ್ಬಿಣದ ಗೂಟ. ಕಂಬಗಳು ಜಿಐ ಪೈಪಿನವು.

ಬಾಗಿಲು ಯಾವ ಕಡೆ ಎಂಬ ಪ್ರಶ್ನೆ ಬಂದಾಗ ಭಾವ ಅಕ್ಕನಿಗೆ ಫೋನ್ ಹಚ್ಚಿದರು. "ಪೂರ್ವಕ್ಕೆ ಇರ್ಲಿ, ಕಣದ ಕಡೆ ಕಾಣ್ಬೇಕು. ಸಿಲ್ವರ್ ಓಕ್ ಮರದ ಕೆಳಗೆ ಮಾತ್ರ ಬೇಡ, ಗಾಳಿಗೆ ಕೊಂಬೆ ಮುರೀತದೆ," ಎಂದಳು. ನಾನು ಹೇಳಬೇಕೆಂದಿದ್ದುದೂ ಅದೇ. ಪೂರ್ವದ ಬಿಸಿಲು ಮೊದಲು ಬೀಳುವ, ಮರದ ನೆರಳಿನಿಂದ ದೂರವಿರುವ, ಸುತ್ತ ನೀರು ಹೋಗಲು ಸಣ್ಣ ಕಾಲುವೆ ತೋಡಬಹುದಾದ ಎತ್ತರದ ಜಾಗವೊಂದು ಕಣದ ಮೇಲಂಚಿನಲ್ಲಿತ್ತು. ಒಲೆಯ ಜಾಗವನ್ನು ಅಲ್ಲಿಂದ ದೂರಕ್ಕೆ, ಅಡಿಕೆ ದಬ್ಬೆಯ ಗೋಡೆ, ಸೋಗೆಯ ಮಾಡಿನ ಬೇರೆ ಚಪ್ಪರಕ್ಕೆ ಒಯ್ಯುವುದೆಂದು ಆಕೆ ಆಗಲೇ ಯೋಚಿಸಿದ್ದಳು. ಚಳಿಯೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಡೇರೆಯೊಳಗೆ ತರಬಾರದು ಎಂದು ನಾನು ಸೇರಿಸಿದೆ. ಮುಚ್ಚಿದ ಡೇರೆಯಲ್ಲಿ ಇದ್ದಿಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರಿಗೆ ಅದು ತಿಳಿಯುವುದೇ ಇಲ್ಲ.

ಮುಂಗಡ ಕೊಟ್ಟು ಏಳುವ ಮೊದಲು ಎರಡು ವಿಷಯಗಳನ್ನು ಬಿಲ್ಲಿನಲ್ಲಿ ಬರೆಸಿಕೊಂಡೆವು. ಅದೇ ಥಾನಿನಿಂದ ಎರಡು ಮೀಟರ್ ತೇಪೆ ಬಟ್ಟೆಯನ್ನೂ ಅದೇ ನೂಲಿನ ಒಂದು ಉಂಡೆಯನ್ನೂ ಜೊತೆಗೆ ಕೊಡಬೇಕು. ಡೇರೆ ನವೆಂಬರ್ ಎರಡನೆಯ ವಾರದೊಳಗೆ ಕೈಸೇರಬೇಕು. ಏಕೆಂದರೆ ವಾಸಕ್ಕೆ ಹೋಗುವ ಮೊದಲು ಅದನ್ನು ಕಣದಲ್ಲಿ ನಿಲ್ಲಿಸಿ, ಸ್ಪ್ರಿಂಕ್ಲರಿನಲ್ಲಿ ಚೆನ್ನಾಗಿ ತೋಯಿಸಿ, ಪೂರ್ತಿ ಒಣಗಿಸಿ, ಮತ್ತೆ ತೋಯಿಸಿ ಒಣಗಿಸಬೇಕು. ಹಾಗೆ ಮಾಡಿದಾಗಲೇ ಹೊಲಿಗೆಯ ತೂತುಗಳು ಬಿಗಿದು ಬಟ್ಟೆ ತನ್ನ ಅಳತೆಗೆ ಕೂರುತ್ತದೆ. ಸೋಪಿನ ನೀರು ತಾಗಿಸಬೇಡಿ, ಸಂಸ್ಕರಣೆ ಹೋಗಿಬಿಡುತ್ತದೆ ಎಂದು ಮೇಸ್ತ್ರಿ ನೆನಪಿಸಿದರು. ಮೇ ಕೊನೆಗೆ ಬಿಚ್ಚುವಾಗ ಎರಡು ಬಿಸಿಲು ಕಾಣಿಸಿಯೇ ಮಡಚುವುದೆಂದೂ, ಆಮೇಲೆ ಅದನ್ನು ಹೊಸ ಮನೆಯ ಒಲೆಯ ಮೇಲಿನ ಅಟ್ಟಕ್ಕೆ, ಇಲಿ ಹತ್ತದ ತಗಡಿನ ಪೆಟ್ಟಿಗೆಯಲ್ಲಿ ಏರಿಸುವುದೆಂದೂ ದಾರಿಯಲ್ಲಿ ಮಾತಾಡಿಕೊಂಡೆವು. ಆ ಅಟ್ಟದ ಅಳತೆಯನ್ನು ಭಾವ ಮರುದಿನವೇ ಮನೆ ಕಟ್ಟುವ ಮೇಸ್ತ್ರಿಗೆ ತಿಳಿಸಿದರು.