ಇವತ್ತು ಓಡೋಕೆ ಹೋಗಬೇಕಾ, ಬೇಡ್ವಾ?

ಚಳಿ ಶುರುವಾದರೆ ಸಾಕು, ನಮ್ಮ ವಾಕಿಂಗ್ ಗುಂಪಿನಲ್ಲಿ ಬೆಳಿಗ್ಗೆ ಆರಕ್ಕೇ ಈ ಚರ್ಚೆ. ಒಬ್ಬರ ಮೊಬೈಲಿನಲ್ಲಿ ಎಕ್ಯೂಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ಸೂಚ್ಯಂಕ, 100, ಹಸಿರು ಬಣ್ಣ, 'ತೃಪ್ತಿಕರ'. ಪಕ್ಕದವರದ್ದು 150 ದಾಟಿ ಕೆಂಪಾಗಿದೆ. ಯಾರದ್ದನ್ನು ನಂಬೋದು?

ಎರಡೂ ಸರಿಯೇ ಇರಬಹುದು. ಪಿಎಂ 2.5 ಅಂದರೆ ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ದೂಳು. ಅದು ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಇದ್ದರೆ ನಮ್ಮ ದೇಶದ ಅಳತೆಯಲ್ಲಿ ಎಕ್ಯೂಐ 100. ಅಮೆರಿಕದ ಅಳತೆಯಲ್ಲಿ ಅಷ್ಟೇ ದೂಳಿಗೆ 150ರ ಮೇಲೆ. ಕೆಲವು ಆ್ಯಪ್‌ಗಳು ನಮ್ಮದನ್ನು ತೋರಿಸುತ್ತವೆ, ಕೆಲವು ಅವರದ್ದನ್ನು. ವಿಶ್ವ ಆರೋಗ್ಯ ಸಂಸ್ಥೆಯಂತೂ 2021ರಲ್ಲಿ ದಿನದ ಮಿತಿಯನ್ನು ಬರೀ 15 ಮೈಕ್ರೋಗ್ರಾಂಗೆ ಇಳಿಸಿದೆ. ಹಾಗಾಗಿ ಬಣ್ಣ ನೋಡಿ ಹೊರಡಬೇಡಿ, ಪಿಎಂ 2.5 ಎಷ್ಟಿದೆ ಅಂತ ನೋಡಿ.

ಅದರಲ್ಲೂ ಈ ಗಂಟೆಯದ್ದನ್ನು ನೋಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಎಕ್ಯೂಐನಲ್ಲಿ ದೂಳಿನ ಲೆಕ್ಕ 24 ಗಂಟೆಗಳ ಸರಾಸರಿ. ಬೆಳಿಗ್ಗೆ ಆರಕ್ಕೆ ಕಾಣುವ ಅಂಕಿಯಲ್ಲಿ ನಿನ್ನೆ ಮಧ್ಯಾಹ್ನದ ಗಾಳಿಯೂ ಸೇರಿಕೊಂಡಿರುತ್ತದೆ. ನಾವು ಉಸಿರಾಡೋದು ಈಗಿನ ಗಾಳಿಯನ್ನು ಅಲ್ವಾ? ಮಂಡಳಿಯ ವೆಬ್‌ಸೈಟಿನಲ್ಲೇ ಒಂದೊಂದು ಕೇಂದ್ರದ ಗಂಟೆಗಂಟೆಯ ಅಂಕಿ ಸಿಗುತ್ತದೆ. ನಾನು ನೋಡೋದು ಜಯನಗರ 5ನೇ ಬ್ಲಾಕಿನ ಕೇಂದ್ರದ್ದು. ಪಿಎಂ 2.5 ಮೂವತ್ತರೊಳಗಿದ್ದರೆ ಓಟ. 60ರವರೆಗೆ ಇದ್ದರೆ ಪಾರ್ಕಿನ ಒಳಗೇ, ರಸ್ತೆಯಿಂದ ಆದಷ್ಟು ದೂರದಲ್ಲಿ ನಿಧಾನದ ನಡಿಗೆ. ಅದಕ್ಕಿಂತ ಜಾಸ್ತಿಯಾದರೆ ಮನೆಯಲ್ಲೇ ಸೂರ್ಯನಮಸ್ಕಾರ. ಇದು ನಾನು ಹಾಕಿಕೊಂಡ ಲೆಕ್ಕ, ಡಾಕ್ಟರ್ ಹೇಳಿದ್ದಲ್ಲ. ಆದರೆ ಸುಮ್ನೆ ಕೂತಾಗ ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಎಳೆದುಕೊಳ್ಳುವವರು ಜೋರಾಗಿ ಓಡುವಾಗ 60 ಲೀಟರಿಗೂ ಮೇಲೆ ಎಳೆದುಕೊಳ್ಳುತ್ತೇವೆ, ಅದೂ ಬಾಯಿಂದ, ಮೂಗು ಸೋಸುವಷ್ಟೂ ಸೋಸದೆ.

ಅಪ್ಪನಿಗೆ ಆಸ್ತಮಾ ಇದೆ, ಅವರ ಲೆಕ್ಕ ಬೇರೆ. ಎದ್ದ ಮೇಲೆ ನಿಂತುಕೊಂಡೇ, ಎದೆ ತುಂಬ ಉಸಿರು ಎಳೆದು, ಪೀಕ್ ಫ್ಲೋ ಮೀಟರ್ (ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆ ಅಂತ ಅಳೆಯುವ ಸಣ್ಣ ಸಾಧನ) ಬಾಯಿಗಿಟ್ಟು ಒಂದೇ ಸಲಕ್ಕೆ ಜೋರಾಗಿ ಊದುತ್ತಾರೆ. ಮೂರು ಸಲ. ಅದರಲ್ಲಿ ಜಾಸ್ತಿ ಬಂದದ್ದನ್ನು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯುತ್ತಾರೆ. ತಮ್ಮ ಅತ್ಯುತ್ತಮ ಅಂಕಿಯ ಶೇ 80ಕ್ಕಿಂತ ಕೆಳಗೆ ಬಂದರೆ, ಆ್ಯಪ್ ಏನೇ ಹೇಳಲಿ, ಅವತ್ತು ಹೊರಗೆ ಹೋಗುವುದಿಲ್ಲ. ಹಾಗಂತ ಚಳಿಗಾಲ ಪೂರ್ತಿ ಮನೆಯಲ್ಲೇ ಕೂತರೆ ಶುಗರ್ ಏರುತ್ತದೆ, ಮಂಡಿ ಹಿಡಿದುಕೊಳ್ಳುತ್ತದೆ. ಅದಕ್ಕೆ ಹೊತ್ತು ಬದಲಾಯಿಸಿದೆವು.

ಬೆಳಗಿನ ಗಾಳಿ ಶುದ್ಧ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಈ ಮಾತು ಅನೇಕ ದಿನ ನಿಜವಲ್ಲ. ರಾತ್ರಿ ನೆಲ ತಣ್ಣಗಾಗಿ, ತಂಪು ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ಉಳಿದು, ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ ಹೊಗೆ ಕೆಳಗೇ ಸಿಕ್ಕಿಕೊಳ್ಳುತ್ತದೆ. ಬಿಸಿಲೇರಿದ ಮೇಲೆ ಗಾಳಿ ಕಲಸಿಕೊಂಡು ತಿಳಿಯಾಗುತ್ತದೆ. ಹಾಗಾಗಿ ಅಪ್ಪ ಆ ತಿಂಗಳುಗಳಲ್ಲಿ ತಿಂಡಿ ಆದ ಮೇಲೆ, ಹನ್ನೊಂದರ ಹೊತ್ತಿಗೆ ಹೋಗುತ್ತಾರೆ. ಏಪ್ರಿಲ್ ಬಂದರೆ ಮತ್ತೆ ಬೆಳಿಗ್ಗೆ, ಯಾಕಂದರೆ ಬೇಸಿಗೆಯ ಮಧ್ಯಾಹ್ನ ಬಿಸಿಲಿಗೆ ಓಝೋನ್ ಜಾಸ್ತಿಯಾಗುತ್ತದೆ, ಅದು ಆಸ್ತಮಾದವರಿಗೆ ಕೆಟ್ಟದ್ದು.

ಇಷ್ಟೆಲ್ಲ ನೋಡಿಕೊಂಡರೂ ನಮ್ಮ ಕ್ರಾಸಿನ ತುದಿಯಲ್ಲಿ ಏನಾಗುತ್ತಿದೆ ಅಂತ ಯಾವ ಕೇಂದ್ರಕ್ಕೂ ಗೊತ್ತಾಗುವುದಿಲ್ಲ. ಹೊಂಗೆ ಎಲೆ ಉದುರುವ ಕಾಲದಲ್ಲಿ ಗುಡಿಸಿದ ರಾಶಿಗೆ ಬೆಂಕಿ ಬೀಳುತ್ತದೆ. ಅರ್ಧ ಹಸಿ ಎಲೆ, ಜೊತೆಗೆ ಚಿಪ್ಸ್ ಪೊಟ್ಟಣ, ಹಾಲಿನ ಕವರು. ಹೊಗೆ ಮೇಲೇಳದೆ ಮಂಡಿಯ ಎತ್ತರದಲ್ಲೇ ಗೇಟುಗಳ ಒಳಗೆ ನುಗ್ಗುತ್ತದೆ. ಕಸ ಸುಡುವುದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ 5,000 ರೂಪಾಯಿ ದಂಡ ಹೇಳಿದೆ. ಆದರೆ ಎಲೆ ಒಯ್ಯಲು ಗಾಡಿಯೇ ಬರದಿದ್ದರೆ ಗುಡಿಸುವವರು ತಾನೇ ಏನು ಮಾಡಬೇಕು? ಅವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ, ಆ ಹೊಗೆಯನ್ನು ಎಲ್ಲರಿಗಿಂತ ಮೊದಲು ಕುಡಿಯುವವರೂ ಅವರೇ. ನಮ್ಮ ಬೀದಿಯವರು ಸೇರಿ ಪಾರ್ಕಿನ ಮೂಲೆಯಲ್ಲಿ ಎಲೆಗೊಬ್ಬರಕ್ಕೆ ಜಾಲರಿ ಗೂಡು ಮಾಡಿಸಿದ್ದೇವೆ, ಈಗ ಎಲೆಯೆಲ್ಲ ಅಲ್ಲಿಗೆ ಹೋಗುತ್ತದೆ. ಪಕ್ಕದ ಕ್ರಾಸಿನಲ್ಲಿ ಇನ್ನೂ ಸುಡುತ್ತಾರೆ. ಅವರ ಜೊತೆಗೂ ಮಾತು ನಡೆದಿದೆ, ಅಲ್ಲಿಯವರೆಗೆ ಅಪ್ಪ ಆ ದಾರಿ ಬಿಟ್ಟು ಸುತ್ತಿಕೊಂಡು ಪಾರ್ಕಿಗೆ ಹೋಗುತ್ತಾರೆ.