ಸೈಡ್‌ಮೌಂಟ್ ಪ್ರಯೋಗ: ಈಜುಕೊಳ ಮುಗೀತು, ನೇತ್ರಾಣಿಯೂ ಆಯ್ತು

ಸ್ಕೂಬಾ ಡೈವಿಂಗಿನಲ್ಲಿ ಬೆನ್ನ ಮೇಲೆ ಒಂದು ಗಾಳಿ ಸಿಲಿಂಡರ್ ಹೊರುವ ಬದಲು ಎರಡು ಪಕ್ಕೆಗೆ ಒಂದೊಂದು ಸಿಕ್ಕಿಸಿಕೊಳ್ಳೋದು ಸೈಡ್‌ಮೌಂಟ್. ಇದು ಬೆಳೆದದ್ದು ಗುಹೆಗಳಲ್ಲಿ. ಮೊದಲು ಇಂಗ್ಲೆಂಡಿನ ನೀರು ತುಂಬಿದ ಸುರಂಗಗಳು, ಆಮೇಲೆ ಫ್ಲೋರಿಡಾ. ಬೆನ್ನಿನ ಸಿಲಿಂಡರ್ ಹೊತ್ತು ನುಸುಳಲಾಗದ ಸಂದಿಗಳಿಗೆ ಕಂಡುಕೊಂಡ ಉಪಾಯ. ಮುರ್ಡೇಶ್ವರದ ಕಡಲಲ್ಲಿ ನಾನು ಯಾವ ಸುರಂಗಕ್ಕೂ ನುಗ್ಗೋದಿಲ್ಲ. ನನಗೆ ಬೇಕಿದ್ದದ್ದು ಎರಡೇ: ಬೋಟಿನಲ್ಲಿ ಸೊಂಟಕ್ಕೆ ಭಾರ ಬೀಳಬಾರದು, ಸಿಲಿಂಡರಿನ ಗಾಳಿ ತೆರೆದು ಮುಚ್ಚುವ ವಾಲ್ವ್ ಕಣ್ಣಿಗೆ ಕಾಣಬೇಕು.

ಈಜುಕೊಳದಲ್ಲಿ ಹೊತ್ತೆಲ್ಲ ತಿಂದದ್ದು ಬಂಜಿ, ಅಂದರೆ ಸಿಲಿಂಡರಿನ ಕತ್ತನ್ನು ಕಂಕುಳಡಿಗೆ ಎಳೆದು ಹಿಡಿಯುವ ರಬ್ಬರ್ ಹಗ್ಗ. ಸಡಿಲವಾದರೆ ಸಿಲಿಂಡರ್ ಮೂತಿ ಕೆಳಗೆ ಜೋತುಬೀಳುತ್ತೆ. ಬಿಗಿಯಾದರೆ ವಾಲ್ವಿಗೆ ಸಿಕ್ಕಿಸೋದೇ ದೊಡ್ಡ ಕುಸ್ತಿ. ಕೆಳಗಿನ ಕೊಕ್ಕೆ ಹಿಡಿದಿರುವ ಪಟ್ಟಿಯನ್ನು ಎರಡು ಬೆರಳಷ್ಟು ಸರಿಸಿದರೂ ಇಡೀ ಸಿಲಿಂಡರ್ ಬೇರೆ ಕೋನಕ್ಕೆ ತಿರುಗುತ್ತೆ. ಸರಿಸು, ಮುಳುಗು, ಕನ್ನಡಿ ಹಿಡಿದು ನೋಡು, ಮತ್ತೆ ಸರಿಸು. ಇದಕ್ಕೆ ಅಡ್ಡದಾರಿ ಇಲ್ಲ.

ಜೊತೆಗೆ ಅಲ್ಯೂಮಿನಿಯಂ ಸಿಲಿಂಡರಿನ ತರಲೆ. 11 ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡಕ್ಕೆ ಗಾಳಿ ತುಂಬಿದರೆ ಒಳಗಿನ ಗಾಳಿಯೇ ಎರಡೂವರೆ ಕೆಜಿಗಿಂತ ಹೆಚ್ಚು ತೂಗುತ್ತೆ. ಅದು ಖಾಲಿಯಾಗುತ್ತಾ ಬಂದಂತೆ ಸಿಲಿಂಡರಿನ ಬುಡ ಬಾಲದ ಹಾಗೆ ಮೇಲೇಳುತ್ತೆ. ಆಗ ಕೊಕ್ಕೆಯನ್ನು ಹಿಂದಿನಿಂದ ಬಿಡಿಸಿ ಸೊಂಟಪಟ್ಟಿಯ ಮುಂದಿನ ಡಿ-ರಿಂಗಿಗೆ, ಅಂದರೆ ಡಿ ಆಕಾರದ ಬಳೆಗೆ, ಹಾಕಬೇಕು. ಎರಡೂ ಸಮವಾಗಿ ಖಾಲಿಯಾಗಲಿ ಅಂತ 40–50 ಬಾರ್‌ಗೊಮ್ಮೆ ರೆಗ್ಯುಲೇಟರ್, ಅಂದರೆ ಬಾಯಲ್ಲಿಟ್ಟು ಉಸಿರಾಡುವ ಸಾಧನ, ಬದಲಿಸಬೇಕು. ಒಂದೊಂದು ಸಿಲಿಂಡರಿಗೂ ಒಂದೊಂದು ಇರುತ್ತೆ. ಎಡದ್ದು ಕತ್ತಿಗೆ ಹಾಕಿಕೊಂಡ ಹಗ್ಗದ ಹಾರದಲ್ಲಿರುತ್ತೆ, ಬಲದ್ದು ಉದ್ದ ಹೋಸಿನದು, ಜೊತೆಗಾರನಿಗೆ ಗಾಳಿ ಮುಗಿದರೆ ಕೊಡೋಕೆ.

ನನಗೆ ತೀರಾ ಇಷ್ಟವಾದದ್ದು ವಾಲ್ವ್ ಅಭ್ಯಾಸ. ಒಂದು ವಾಲ್ವ್ ಮುಚ್ಚಿ ಉಸಿರೆಳೆದರೆ ಒತ್ತಡ ತೋರಿಸುವ ಮೀಟರಿನ ಮುಳ್ಳು ಸರ್ರನೆ ಸೊನ್ನೆಗೆ ಇಳಿಯುತ್ತೆ. ಒಂಚೂರು ತಿರುಗಿಸಿದರೆ ಮೇಲೆ ಹಾರುತ್ತೆ. ರೆಗ್ಯುಲೇಟರ್ ಕೆಟ್ಟು ಗಾಳಿ ಸುರಿಯತೊಡಗಿದರೂ ಹೀಗೆ ಕೈಯಲ್ಲೇ ತೆರೆದು ಮುಚ್ಚಿ ಉಸಿರಾಡಬಹುದು. ಬೆನ್ನ ಮೇಲಿದ್ದರೆ ಆ ಮಾತು ಮರೆತುಬಿಡಿ.

ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಬರೀ ಹಾರ್ನೆಸ್ (ಮೈಗೆ ಕಟ್ಟಿಕೊಳ್ಳುವ ಪಟ್ಟಿಗಳು) ಹಾಕಿಕೊಂಡು ನೀರಿಗಿಳಿದೆ. ಸಿಲಿಂಡರುಗಳನ್ನು ಬೋಟಿನ ಹುಡುಗರು ಆಮೇಲೆ ಇಳಿಸಿಕೊಟ್ಟರು. "ಎಂತಕ್ಕೆ ಸರ್ ಎರಡೆರಡು?" ನ್ಯಾಯವಾದ ಪ್ರಶ್ನೆಯೇ. ಗುಂಪಿನಲ್ಲಿ ಮೊದಲು ಯಾರ ಗಾಳಿ ಇಳಿಯುತ್ತೋ ಅವರ ಜೊತೆ ಎಲ್ಲರೂ ಮೇಲೆ ಬರಬೇಕು. ಹಾಗಾಗಿ ನನ್ನ ಎರಡನೇ ಸಿಲಿಂಡರಿನ ಬಹುಪಾಲು ಹಾಗೇ ವಾಪಸ್ಸು. ಸೊಂಟ ಉಳಿಯಿತು, ನಿಜ. ಆದರೆ ಅಲೆಯಲ್ಲಿ ತೇಲುತ್ತಾ ಎಡಗಡೆಯದನ್ನು ಸಿಕ್ಕಿಸುವಷ್ಟರಲ್ಲಿ ಉಳಿದವರು ಹಗ್ಗ ಹಿಡಿದು ಕಾಯ್ತಾ ಇದ್ದರು. ಕೆಳಗೆ ಹೋದ ಮೇಲೆ ಮಾತ್ರ ಬಂಡೆಯ ಪಕ್ಕ ಅಡ್ಡಡ್ಡ, ಅಲುಗದೆ ನಿಲ್ಲೋದು ಮೊದಲಿಗಿಂತ ಸಲೀಸು.

ಇನ್ನೊಂದು ತೊಡಕು: ಬಾಡಿಗೆಗೆ ಸಿಕ್ಕಿದವೆರಡೂ ಒಂದೇ ಕೈ ವಾಲ್ವಿನವು, ಎಡ-ಬಲ ಜೋಡಿ ಅಲ್ಲ. ಒಂದರ ತಿರುಪು ಕೈಗೆ ನೇರ ಸಿಗುತ್ತೆ, ಇನ್ನೊಂದರದ್ದನ್ನು ತಡಕಬೇಕು. ಮಳೆಗಾಲದಲ್ಲಿ ಬೋಟು ಬಂದ್. ಅಷ್ಟರೊಳಗೆ ಬಂಜಿ ಬದಲಿಸಿ, ಆ ಪಕ್ಕದ ಹೋಸಿನ ದಾರಿಯನ್ನೂ ಈಜುಕೊಳದಲ್ಲೇ ಸರಿಮಾಡಿಕೊಳ್ಳೋದು ಮುಂದಿನ ಕೆಲಸ.